ಸಿಹಿ ಬನ್ನಿಗೆ ರಂಜಕ

ಕಳೆದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ದಾಲ್ಚಿನ್ನಿ ರೋಲಿನ ಮೇಲೆ ಆವಕಾಯಿಯ ಕೆಂಪು ಎಣ್ಣೆ ಸುರಿದುಕೊಂಡಳು. ಬಿಸಿ ಸಕ್ಕರೆಯ ಮೇಲಿಂದ ಸಾಸಿವೆ, ಬೆಳ್ಳುಳ್ಳಿಯ ಘಾಟು ಎದ್ದು ಮೇಜಿನ ತುಂಬ ಹರಡಿತು. ಎಲ್ಲರೂ ನಕ್ಕರು, ಒಬ್ಬ ಫೋಟೊ ತೆಗೆದ. ನನಗೆ ನಗು ಬರಲಿಲ್ಲ. ಹಿಂದೆ ನಾನಿದ್ದ ಬಾಡಿಗೆ ಕೋಣೆಯ ಕೆಳಗಿನ ಮನೆಯ ಕಾಕಾ ನೆನಪಾದರು…

ಹೈಟೆಕ್ ಸಿಟಿಯ ಸುತ್ತ ಬಂಡೆ ಒಡೆದು ಗಾಜಿನ ಕಟ್ಟಡ ಏಳಿಸುತ್ತಿದ್ದ ವರ್ಷಗಳವು. ಮೈಸೂರಿನಿಂದ ಬಂದ ನನಗೆ ಕೈಗೆಟಕುವ ಬಾಡಿಗೆಯ ಕೋಣೆ ಸಿಕ್ಕಿದ್ದು ಜೀಡಿಮೆಟ್ಲಾದ ಒಂದು ಗಲ್ಲಿಯಲ್ಲಿ, ಮಹಡಿಯ ಮೇಲೆ. ಕೆಳಗೆ ಲಿಂಗಸೂಗೂರು ಕಡೆಯ ಗಂಡ ಹೆಂಡತಿ. ಗಂಡ ಔಷಧ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದರು. ಮೊದಲ ದಿನ ನಾನು ಅಂಕಲ್ ಅಂದಾಗ, "ಕಾಕಾ ಅನ್ನವ್ವಾ, ನಮ್ಮ ಮಾತು ಕೇಳೋದ ಅಪರೂಪ ಇಲ್ಲಿ" ಅಂದಿದ್ದರು.

ಭಾನುವಾರ ಬೆಳಿಗ್ಗೆ ಮೂಲೆಯ ಇರಾನಿ ಬೇಕರಿಯಿಂದ ಕಾಕಾ ಬಿಸಿ ಬನ್ನು ತರುತ್ತಿದ್ದರು. ಮೇಲೆ ಸಕ್ಕರೆ ಪಾಕ ಸವರಿದ, ಒಳಗೆ ಟೂಟಿಫ್ರೂಟಿ ಇಟ್ಟ ಬನ್ನು. ನನ್ನನ್ನೂ ಕೆಳಗೆ ಕರೆಯುತ್ತಿದ್ದರು. ಕಾಕಿ ಅದಕ್ಕೆ ಹಾಲಿನ ಕೆನೆ ಹಚ್ಚಿಕೊಳ್ಳುತ್ತಿದ್ದರು, ನಾನು ಚಹಾದಲ್ಲಿ ಅದ್ದುತ್ತಿದ್ದೆ. ಕಾಕಾ ಮಾತ್ರ ಮೊದಮೊದಲು ಅದರ ಮೇಲೆ ಖಾರದ ಶೇಂಗಾ ಚಟ್ನಿಪುಡಿ, ಅವರ ಮಾತಿನಲ್ಲಿ ಹಿಂಡಿ, ಉದುರಿಸಿಕೊಂಡರು. ಆಮೇಲೆ ರಂಜಕ ಬಂತು, ಹಸಿ ಕೆಂಪು ಮೆಣಸಿನಕಾಯಿ ರುಬ್ಬಿ ಹುಳಿ ಬರಿಸಿದ ಆ ಬೆಂಕಿಯಂಥ ಚಟ್ನಿ. ಕಡೆಕಡೆಗೆ ಅದರ ಮೇಲೆ ಒಂದು ಚಿಟಿಕೆ ಉಪ್ಪು ಬೇರೆ. ತಿನ್ನುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಬಿಡುತ್ತಿರಲಿಲ್ಲ.

"ನಮ್ಮ ಕಡಿ ನಾಲಿಗಿ ಖಾರದ್ದವ್ವಾ" ಅಂದರು ನನಗೆ.

"ನಮ್ಮ ಕಡಿ ಯಾರೂ ಹಿಂಗ ತಿನ್ನಂಗಿಲ್ಲ" ಅಂದರು ಕಾಕಿ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಯಾಕೆಂದರೆ ಅದು ಬನ್ನಿಗೇ ನಿಂತಿರಲಿಲ್ಲ. ಕಾಕಿ ಏನು ಬಡಿಸಿದರೂ ಕಾಕಾ ಬಾಯಿಗಿಡುವ ಮೊದಲೇ ಖಾರದ ಪುಡಿಗೆ ಕೈ ಹಾಕುತ್ತಿದ್ದರು. ಒಂದು ಸಲ ಕಾಕಿ ಆ ಡಬ್ಬಿಯನ್ನು ಕಿತ್ತುಕೊಂಡು, "ನನ್ನ ಕೈ ಅಡಿಗಿ ಸೇರವಲ್ದು ಅಂತ ಬಾಯಿಬಿಟ್ಟು ಹೇಳ್ರಿ!" ಎಂದು ಕೂಗಿದ್ದು ಮಹಡಿಯವರೆಗೆ ಕೇಳಿಸಿತು. ಅವರಿಬ್ಬರ ನಡುವೆ ಮಾತು ಕಡಿಮೆಯಾಗುತ್ತ ಬಂತು. ಭಾನುವಾರದ ಬನ್ನಿನ ಮುಂದೆ ಮೂವರೂ ಸುಮ್ಮನೆ ಕೂತಿರುವುದು ನನಗೆ ಹಿಂಸೆಯಾಗತೊಡಗಿತ್ತು.

ಅಂಥದೇ ಒಂದು ಭಾನುವಾರ. ಕಾಕಿ ಹಿಂದಿನ ದಿನವೇ ಸಿಕಂದರಾಬಾದಿನ ತಂಗಿಯ ಮನೆಗೆ ಹೋಗಿದ್ದರು. ಕಾಕಾ ಬೇಕರಿಯಿಂದ ಬಂದ ಸದ್ದು ಕೇಳಿ ನಾನು ಕೆಳಗಿಳಿದೆ. ಅರ್ಧ ಮೆಟ್ಟಿಲಿಗೇ ಮೂಗಿಗೆ ಹೊಡೆಯಿತು. ಗ್ಯಾಸು. ಕಾರ್ಖಾನೆಗಳ ಗಾಳಿ ಒಳಗೆ ಬರುತ್ತದೆಂದು ಆ ಮನೆಯ ಕಿಟಕಿಗಳು ಯಾವಾಗಲೂ ಮುಚ್ಚಿಯೇ ಇರುತ್ತಿದ್ದವು. ಬಾಗಿಲಿಗೆ ಬಂದು ನೋಡಿದರೆ ಅಡುಗೆಮನೆಯಲ್ಲಿ ಕಾಕಾ ಒಲೆಯ ಮುಂದೆ ನಿಂತಿದ್ದಾರೆ. ಒಂದು ಕೈಯಲ್ಲಿ ಬೆಂಕಿಪೊಟ್ಟಣ, ಇನ್ನೊಂದರಲ್ಲಿ ಕಡ್ಡಿ.

"ಬಾರವ್ವಾ. ಸಣ್ಣ ಉರಿ ಇಟ್ಟು ಹೋಗಿದ್ದೆ, ಹಾಲು ಉಕ್ಕಿ ಒಲಿ ಆರೈತಿ. ಈಗ ಹಚ್ಚತೀನಿ."

"ಕಡ್ಡಿ ಗೀರಬೇಡಿ ಕಾಕಾ!"

ಅವರು ಬೆಚ್ಚಿ ನನ್ನತ್ತ ತಿರುಗಿದರು. ಕಡ್ಡಿ ಪೊಟ್ಟಣದ ಅಂಚಿಗೆ ತಾಗಿಯೇ ಇತ್ತು.

"ಯಾಕ?"

"ಗ್ಯಾಸು! ಮನೆ ತುಂಬ ಗ್ಯಾಸು!"

"ಎಲ್ಲೈತಿ?" ಎಂದು ಮುಖವನ್ನು ಅತ್ತಿತ್ತ ತಿರುಗಿಸಿ ಉಸಿರೆಳೆದರು. ಗಾಬರಿಯಲ್ಲಿ ಕೈ ಗೋಡೆಯ ಫ್ಯಾನಿನ ಸ್ವಿಚ್ಚಿನತ್ತ ಹೋಯಿತು. "ಅದನ್ನ ಮುಟ್ಟಬೇಡಿ!" ಎಂದು ಚೀರಿದ ನನ್ನ ದನಿ ನನಗೇ ಅಪರಿಚಿತವಾಗಿತ್ತು. ದುಪಟ್ಟಾ ಮೂಗಿಗೊತ್ತಿಕೊಂಡು ಒಳಗೆ ಓಡಿದೆ, ಒಲೆಯ ನಾಬ್ ತಿರುಗಿಸಿ ಗ್ಯಾಸು ನಿಲ್ಲಿಸಿದೆ, ಹಿತ್ತಲ ಬಾಗಿಲು ದೂಡಿದೆ, ಕಾಕಾನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ.

ಕಟ್ಟೆಯ ಮೇಲೆ ಕೂತಮೇಲೂ ಅವರ ಮುಷ್ಟಿಯಲ್ಲಿ ಆ ಕಡ್ಡಿ ಇತ್ತು. ಅದನ್ನೇ ನೋಡುತ್ತ ಹೇಳಿದರು: "ನನಗ ವಾಸನಿ ಹೋಗಿ ಭಾಳ ದಿನ ಆತವ್ವಾ. ಪ್ಲಾಂಟಿನ್ಯಾಗ ಒಮ್ಮೆ ಪೈಪು ಬಿಚ್ಚಿ ಮುಖಕ್ಕ ಹೊಡೀತು. ಆವತ್ತಿಂದ ಏನ ತಿಂದ್ರೂ ಹತ್ತಿ ಅಗದಂಗ. ಖಾರ ಇದ್ರ ಅಷ್ಟ, ಬಾಯಾಗ ಏನೋ ಐತಿ ಅಂತ ಗೊತ್ತಾಕ್ಕೈತಿ… ನಿಮ್ಮ ಕಾಕಿಗೆ ಹೇಳಬ್ಯಾಡ. ಗೊತ್ತಾದ್ರ ಕೆಲಸಕ್ಕ ಕಳಸಂಗಿಲ್ಲ."

"ಪ್ಲಾಂಟಲ್ಲಿ ಏನಾದ್ರೂ ಸೋರಿದರೆ ನಿಮಗೆ ಹೇಗೆ ಗೊತ್ತಾಗುತ್ತೆ ಕಾಕಾ?"

"ನನ್ನ ಪಾಳಿಯಾಗ ಹುಡುಗೂರು ಅದಾರ, ಅವರು…" ಎಂದವರು ಅಲ್ಲಿಗೇ ನಿಂತರು. ಸೋರಿಕೆ ಕಂಡುಹಿಡಿಯಲು ಆ ಹುಡುಗರೆಲ್ಲ ಪಾಳಿಯ ಹಿರಿಯರಾದ ಕಾಕಾನ ಮೂಗನ್ನೇ ನಂಬಿಕೊಂಡಿದ್ದರು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಗಲ್ಲಿಯ ತುದಿಯಲ್ಲಿ ಆಟೋ ನಿಂತಿತು. ಕಾಕಿ ಇಳಿದು ಬಂದವರೇ ಬಾಗಿಲಲ್ಲಿ ಮೂಗು ಸಿಂಡರಿಸಿ, "ಏನಿದು ವಾಸನಿ?" ಅಂದರು. ನಾನು ಕಾಕಾನ ಮುಖ ನೋಡಿದೆ. ಅವರು ಎದ್ದು ನಿಂತು ಎಲ್ಲವನ್ನೂ ತಾವೇ ಹೇಳಿದರು.

ಕಾಕಿ ಕೈಯಲ್ಲಿದ್ದ ಚೀಲದಿಂದಲೇ ಅವರ ಭುಜಕ್ಕೆ ಹೊಡೆದರು. ಮತ್ತೊಮ್ಮೆ ಹೊಡೆದರು. "ಏನರ ಆಗಿದ್ರ? ನಾ ಯಾರ ಮುಖ ನೋಡ್ಲಿ?" ಆಮೇಲೆ ಕಟ್ಟೆಯ ಮೇಲೆ ಕುಸಿದು, ಸಣ್ಣ ದನಿಯಲ್ಲಿ ಕೇಳಿದರು: "ಹಂಗಾರ… ನನ್ನ ಅಡಿಗಿ ಕೆಟ್ಟಿದ್ದಿಲ್ಲೇನ್ರಿ?"

"ನಿನ್ನ ಅಡಿಗಿ ಯಾವತ್ತ ಕೆಟ್ಟೈತಿ?" ಅಂದರು ಕಾಕಾ.

ಮರುದಿನ ಕಾಕಾ ಪಾಳಿಗೆ ಹೋದವರು ನೇರ ಮೇಲಿನವರ ಬಳಿ ಹೋಗಿ ವಿಷಯ ತಿಳಿಸಿದರು. ಹೇಳಬೇಡಿ ಎಂದು ಕಾಕಿಯೂ ತಡೆಯಲಿಲ್ಲ. ಸ್ವಲ್ಪ ದಿನ ಪ್ಯಾಕಿಂಗಿಗೆ ಹಾಕಿದರು, ಗುತ್ತಿಗೆ ಮುಗಿದಾಗ ಮತ್ತೆ ಕರೆಯಲಿಲ್ಲ. ಡಾಕ್ಟರು, ಆ ನರ ಸತ್ತಿದೆ, ಇನ್ನು ಬರುವುದಿಲ್ಲ ಅಂದರು. ಆಗ ಮಣಿಕೊಂಡದಲ್ಲಿ ಸಾಫ್ಟ್‌ವೇರಿನವರಿಗಾಗಿ ಅಪಾರ್ಟ್‌ಮೆಂಟುಗಳು ಒಂದರ ಹಿಂದೊಂದು ಏಳುತ್ತಿದ್ದವು. ಅಂಥದೊಂದರಲ್ಲಿ ವಾಚ್‌ಮನ್ ಕೆಲಸ ಸಿಕ್ಕಿ ಇಬ್ಬರೂ ಅಲ್ಲಿಗೆ ಹೋದರು. ಶುರುವಿನಲ್ಲಿ ನಾನು ಹೋಗಿ ಬರುತ್ತಿದ್ದೆ. ಆಮೇಲೆ ಮದುವೆ, ಮಗು, ಬೇರೆ ಕಂಪನಿ… ಭೇಟಿಗಳು ಫೋನಿಗೆ ಇಳಿದವು, ಫೋನೂ ಹಬ್ಬಗಳಿಗಷ್ಟೇ ಉಳಿದು ಕಡೆಗೆ ಅದೂ ತಪ್ಪಿತು.

ಕ್ಯಾಂಟೀನಿನ ಆ ಬೆಳಿಗ್ಗೆಯ ನಂತರ ತಡೆಯಲಾಗದೆ ಫೋನು ಮಾಡಿದರೆ ಕಾಕಿ ಎತ್ತಿದರು. ಕಾಕಾ ಚಳಿಗಾಲದಲ್ಲೇ ತೀರಿಕೊಂಡಿದ್ದರು. ನನ್ನ ನಂಬರು ಅವರ ಫೋನಿನಲ್ಲಿತ್ತಂತೆ, ಹುಡುಕಲು ಕಾಕಿಗೆ ಬರಲಿಲ್ಲವಂತೆ.

ನಿನ್ನೆ ಮಣಿಕೊಂಡಕ್ಕೆ ಹೋಗಿದ್ದೆ. ಕಾಕಿ ಒಲೆಯ ಮೇಲೆ ಸಾರು ಕುದಿಯಲು ಬಿಟ್ಟು ನನ್ನ ಪಕ್ಕದಲ್ಲಿ ಕೂತರು. ಕೊತ್ತಂಬರಿ, ಇಂಗಿನ ಘಮ ಆ ಸಣ್ಣ ಕೋಣೆಯ ತುಂಬ ತುಂಬಿಕೊಂಡಿತು.

"ಇಷ್ಟು ವರ್ಷ ಒಗ್ಗರಣಿ ಹಾಕಿದ ಕೂಡ್ಲೇ ಬಂದು ಕುಂದ್ರತಿದ್ರು" ಅಂದರು. "'ಇವತ್ತ ವಾಸನಿ ಹೆಂಗೈತಿ, ಹೇಳು' ಅಂತಿದ್ರು. ದಿನಾ ಹೇಳಾಕಿ ನಾನು. ಹೇಳಿ ಹೇಳಿ ನನಗೂ ಚಟ ಆಗಿತ್ತು ನೋಡವ್ವಾ…"

ಸಾರು ಉಕ್ಕತೊಡಗಿತು. ಕಾಕಿ ಎದ್ದು ಉರಿ ಸಣ್ಣ ಮಾಡಿದರು. ಒಲೆಯ ಮುಂದೆಯೇ ನಿಂತರು, ವಾಸನೆ ಹೇಳಲೆಂಬಂತೆ ಬಾಯಿ ತೆರೆದು ಪಕ್ಕಕ್ಕೆ ತಿರುಗಿದರು, ಅಲ್ಲಿ ಕಾಕಾ ಇರಲಿಲ್ಲ.