ತೂದಾ ಹೇಳದೆ ಬಿಟ್ಟ ಅರ್ಧ ಮಾತು

ನಮ್ಮ ಊರಿನ ಕೋರ್ಟಿನಲ್ಲಿ ತೂದಾ ಹದಿನಾಲ್ಕು ವರ್ಷಗಳಿಂದ ನೆಲ ಒರೆಸುತ್ತಿದ್ದಾಳೆ. ನಾನು ಅದೇ ಕೋರ್ಟಿನ ಗೇಟಿನೆದುರು ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುವವನು. ಅವಳು ಹುಟ್ಟಿದ್ದು ಅಟ್ಲಾಸ್ ಬೆಟ್ಟದ ಮೇಲಿನ ಹಳ್ಳಿಯಲ್ಲಿ. ಗಂಡ ತೀರಿಕೊಂಡ ಮೇಲೆ ಕೆಳಗಿಳಿದು ಬಂದು, ಸಂತೆಯಲ್ಲೂ ಕೋರ್ಟಿನ ಪಡಸಾಲೆಯಲ್ಲೂ ಕೇಳಿ ಕೇಳಿ ಅರಬ್ಬಿ ಕಲಿತಳು. ಓದು ಬರಹ ಬಾರದು. ಆದರೆ ಯಾವ ಕೇಸಿಗೆ ಯಾವ ದಿನ ವಾಯಿದೆ ಎಂದು ಗುಮಾಸ್ತನಿಗಿಂತ ಮೊದಲು ಅವಳೇ ಹೇಳುತ್ತಿದ್ದಳು.

ಹೋದ ವರ್ಷ ಫೆಬ್ರವರಿಯಲ್ಲಿ ಬಾಸ್ಸೂ ಎಂಬ ಮುದಿ ಕುರಿಗಾಹಿಯನ್ನು ಕುರಿ ಕದ್ದ ಆರೋಪದ ಮೇಲೆ ಕರೆತಂದರು. ಕುರಿ ಅವನ ನೆರೆಯ ಹದ್ದೂನದು. ಹಿಮ ಬಿದ್ದ ದಿನ ಕಾಣೆಯಾದದ್ದು ನಾಲ್ಕು ದಿನದ ಮೇಲೆ ಬಾಸ್ಸೂನ ದೊಡ್ಡಿಯಲ್ಲಿ ಸಿಕ್ಕಿತ್ತು. ಪೊಲೀಸರು ಅರಬ್ಬಿಯಲ್ಲಿ ಹೇಳಿಕೆ ಬರೆದು ಅವನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಸಲಾಮು, ನಮಾಜಿನ ಸಾಲುಗಳು, ಇಷ್ಟು ಬಿಟ್ಟರೆ ಅವನಿಗೆ ಅರಬ್ಬಿ ಬರುತ್ತಿರಲಿಲ್ಲ.

ಕೋರ್ಟಿನ ದುಭಾಷಿ ಸಿ ಜೈದ್ (‘ಸಿ’ ಎಂದರೆ ನಮ್ಮಲ್ಲಿ ಸಾಹೇಬರು ಎಂದ ಹಾಗೆ) ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಜೆ ಹಾಕಿದ್ದ. ಆ ದಿನ ನ್ಯಾಯಾಧೀಶರ ಮುಂದೆ ಅರವತ್ತು ಕೇಸುಗಳಿದ್ದವು. ಗುಮಾಸ್ತ ಬಾಗಿಲಿನಿಂದ ಇಣುಕಿದಾಗ ಕಂಡವಳು ತೂದಾ.

“ಬಾ ತೂದಾ, ನಿಮ್ಮ ಬೆಟ್ಟದ ಕಡೆಯೋರು. ಎರಡು ಮಾತು ಹೇಳ್ಬಿಟ್ಟು ಹೋಗು,” ಅಂದ.

ಕೈ ಒರೆಸಿಕೊಂಡು ಒಳಗೆ ಹೋದವಳಿಗೆ ಪ್ರಮಾಣ ಮಾಡಿಸಿದರು. ಕುರಿಯನ್ನು ತೆಗೆದುಕೊಂಡೆಯಾ ಎಂದು ಕೇಳು ಎಂದರು ನ್ಯಾಯಾಧೀಶರು. ಬೆಟ್ಟದ ಮಾತಿನಲ್ಲಿ ಎತ್ತುವುದಕ್ಕೂ ತೆಗೆದುಕೊಳ್ಳುವುದಕ್ಕೂ ಒಂದೇ ಪದ. ಅವಳು ಆ ಪದದಲ್ಲೇ ಕೇಳಿದಳು.

“ಹ್ಞೂಂ ಮಗಳೇ, ನಾನೇ ಎತ್ತಿದ್ದು. ಹಳ್ಳಕ್ಕೆ ಬಿದ್ದು ಅರಚ್ತಾ ಇತ್ತು. ಅಲ್ಲಿ ಇನ್ಯಾರಿದ್ರು ಎತ್ತೋಕೆ?”

ತಾನೇ ತೆಗೆದುಕೊಂಡೆ ಅನ್ನುತ್ತಾನೆ ಎಂದು ತೂದಾ ಅರಬ್ಬಿಯಲ್ಲಿ ಹೇಳಿದಳು. ಉಳಿದರ್ಧಕ್ಕೆ ಬಾಯಿ ತೆರೆಯುವಷ್ಟರಲ್ಲಿ ನ್ಯಾಯಾಧೀಶರು ಸಾಕು ಎಂಬಂತೆ ಕೈ ಅಡ್ಡ ಮಾಡಿದರು. ಪೊಲೀಸರ ಕಾಗದದಲ್ಲೂ ಅದೇ ಇತ್ತಲ್ಲ. ಕೋರ್ಟು ನೇಮಿಸಿದ್ದ ವಕೀಲೆ ಗಿಜ್ಲಾನ್ ಕೈಗೆ ಫೈಲು ಸಿಕ್ಕಿದ್ದು ಆ ಬೆಳಿಗ್ಗೆಯೇ. ಅವಳು ಬಯಲುಸೀಮೆಯವಳು, ಬೆಟ್ಟದ ಮಾತು ತಿಳಿಯದು. ವಯಸ್ಸು ನೋಡಿ ಕನಿಕರ ತೋರಿಸಬೇಕೆಂದು ಕೇಳಿ ಕುಳಿತಳು. ಮಧ್ಯಾಹ್ನ ತೀರ್ಪು ಬಂತು: ಎಂಟು ತಿಂಗಳು.

ಮುದುಕ ತೂದಾಳ ಕಡೆ ತಿರುಗಿದ. “ಏನಂದ್ರಮ್ಮಾ? ಮನೆಗೆ ಹೋಗ್ಬಹುದಾ?”

ಎಂಟು ತಿಂಗಳು ಎಂಬುದು ಅವಳ ಬಾಯಿಂದ ಹೊರಡಲಿಲ್ಲ. ಇನ್ನೂ ಕೆಲವು ದಿನ ಇಲ್ಲೇ ಇರಬೇಕಂತೆ ದೊಡ್ಡಪ್ಪಾ ಎಂದಳು. ಅವನು ತಲೆಯಾಡಿಸಿ, ಹಾಗಾದರೆ ನಾಯಿಗೆ ರೊಟ್ಟಿ ಯಾರು ಹಾಕುತ್ತಾರೆ ಎಂದು ಕೇಳಿದನಂತೆ.

ಮರುದಿನ ಅವಳು ನನ್ನ ಮೇಜಿನ ಮುಂದೆ ಬಂದು ಕೂತಳು. ನನಗೂ ಬೆಟ್ಟದ ಮಾತು ಬರುತ್ತದೆ. ನಡೆದದ್ದನ್ನೆಲ್ಲ ಹೇಳಿ, “ನಾನು ಸುಳ್ಳು ಹೇಳಿದ್ನಾ?” ಅಂದಳು. ಪದ ತಪ್ಪಲ್ಲ ಎಂದೆ. “ಮತ್ತೆ ಅವರು ಯಾಕೆ ಒಳಗಿದಾರೆ?” ವಕೀಲೆಯ ಹತ್ತಿರ ಹೋಗು, ಮೇಲ್ಮನವಿಗೆ ಹತ್ತೇ ದಿನ ಇರುವುದು ಎಂದೆ.

ಗಿಜ್ಲಾನ್ ಅವಳ ಮಾತು ಕೇಳಿ ಮೇಲ್ಮನವಿಯ ಜೊತೆ ಹಾಕಲು ಹೇಳಿಕೆ ಬರೆದುಕೊಂಡಳು. ಹೆಬ್ಬೆಟ್ಟು ಒತ್ತುವ ಮೊದಲು ತೂದಾ ಅದನ್ನು ಮೂರು ಸಲ ಓದಿಸಿ ಕೇಳಿದಳು. ಸುದ್ದಿ ಹಬ್ಬಿತು. “ಏನು ವಕೀಲಮ್ಮಾ, ಇವತ್ತು ಯಾವ ಕೇಸು?” ಎಂದು ಗುಮಾಸ್ತ ದಿನವೂ ಕೆಣಕತೊಡಗಿದ. ಕೆಲಸ ಹೋಗುತ್ತದೇನೋ ಎಂದು ಅವಳು ತಲೆ ತಗ್ಗಿಸಿಕೊಂಡೇ ಓಡಾಡಿದಳು.

ಮೇಲಿನ ಕೋರ್ಟಿನ ವಿಚಾರಣೆಗೆ ಎರಡು ದಿನ ಇರುವಾಗ ಹದ್ದೂ ಅವಳನ್ನು ಹುಡುಕಿಕೊಂಡು ಬಂದ. ದನಿಯೇರಿಸಲಿಲ್ಲ.

“ಕುರಿ ಸಿಗೋ ಹೊತ್ತಿಗೆ ಹಿಮ ಕರಗಿ ದಾರಿ ತೆರೆದು ಎರಡು ದಿನ ಆಗಿತ್ತು ತಾಯಿ. ಆ ಎರಡು ದಿನ ಯಾಕೆ ಹೇಳಿ ಕಳಿಸ್ಲಿಲ್ಲ? ಕುರಿ ಕಿವೀಲಿ ನಂದು ಅಂತ ಹಾಕಿದ್ದ ಗುರುತು ಇದ್ದ ಜಾಗದಲ್ಲೇ ಹೊಸ ಗಾಯ ಇತ್ತು. ಅದೂ ಹಳ್ಳದ ಕಲ್ಲು ತಾಗಿ ಆಯ್ತಾ?”

ತೂದಾಳ ತಲೆ ಕೆಟ್ಟುಹೋಯಿತು. ಓಡಿಹೋಗಿ ವಕೀಲೆಗೆ ಹೇಳಿದಳು. ಹೇಳಿಕೆಯನ್ನು ವಾಪಸು ಕೊಡಿ ಎನ್ನುವ ಮಟ್ಟಕ್ಕೂ ಬಂದಿದ್ದಳು.

“ಕದ್ದಿದಾನೋ ಇಲ್ವೋ ನಂಗೂ ಗೊತ್ತಿಲ್ಲ, ಲಾಲ್ಲಾ ತೂದಾ,” ಎಂದು ದೊಡ್ಡವರನ್ನು ಕರೆಯುವ ಹಾಗೆ ಕರೆದು ಅಂದಳು ಗಿಜ್ಲಾನ್. “ಕೋರ್ಟು ಅವನ ಮಾತು ಪೂರ್ತಿ ಕೇಳ್ಲಿ, ಆಮೇಲೆ ಏನಾದ್ರೂ ಮಾಡ್ಲಿ.”

“ಕದ್ದೇ ಇದ್ರೆ?”

“ಆಗ್ಲೂ ಪೂರ್ತಿ ಕೇಳ್ಬೇಕು.”

ಕಳ್ಳನಾದರೆ ಅವನ ಮಾತು ಕೇಳಿ ಏನು ಬಂತು, ಕಳ್ಳನಲ್ಲದಿದ್ದರೆ ಹದ್ದೂ ಯಾಕೆ ಅಷ್ಟು ಮೆತ್ತಗೆ ಮಾತಾಡಿದ? ಎರಡು ದಿನ ನೆಲ ಒರೆಸುತ್ತಾ ಅವಳು ಇದನ್ನೇ ಕೇಳಿಕೊಂಡಳು. ಹೇಳಿಕೆಯನ್ನು ಮಾತ್ರ ವಾಪಸು ಪಡೆಯಲಿಲ್ಲ.

ಮೇಲಿನ ಕೋರ್ಟಿನಲ್ಲಿ ಬೇರೆ ದುಭಾಷಿ ಇದ್ದ. ಬಾಸ್ಸೂ ಹಳ್ಳದಿಂದ ಹಿಡಿದು ದೊಡ್ಡಿಯವರೆಗೂ ಎಲ್ಲ ಹೇಳಿದ. ಉಳಿದೆರಡು ದಿನದ ಬಗ್ಗೆ ಕೇಳಿದಾಗ ಮೊಣಕಾಲು ಊದಿಕೊಂಡಿತ್ತು ಎಂದ. ಕಿವಿಯ ಗಾಯ ತನಗೆ ಗೊತ್ತಿಲ್ಲ ಎಂದ. ಅನುಮಾನ ಉಳಿದಿದೆ, ಅದರ ಲಾಭ ಆರೋಪಿಗೆ ಎಂದು ಬಿಟ್ಟುಬಿಟ್ಟರು. ಅಷ್ಟರಲ್ಲಿ ಅವನು ಎಪ್ಪತ್ತಮೂರು ದಿನ ಜೈಲಿನಲ್ಲಿದ್ದ.

ಹೊರಗೆ ಬಂದವನು ತೂದಾಳ ತಲೆಯ ಮೇಲೆ ಕೈಯಿಟ್ಟು ಹರಸಿದ. ಕಿವಿಯ ವಿಷಯ ಕೇಳಬೇಕೆಂದು ಅವಳು ಬಾಯಿ ತೆರೆದಳು. ಅವನು ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ. ಅವಳು ತೋರಿಸಿದಳು.

ಗುರುವಾರದ ಸಂತೆಯಲ್ಲಿ ಈಗಲೂ ಹದ್ದೂ ಎದುರಾಗುತ್ತಾನೆ. ಸಲಾಮಿಗೆ ಸಲಾಮು ಹೇಳುತ್ತಾನೆ, ನಿಲ್ಲುವುದಿಲ್ಲ. ಸಿ ಜೈದ್ ಕಣ್ಣು ಸರಿಮಾಡಿಕೊಂಡು ಕೆಲಸಕ್ಕೆ ಮರಳಿದ ಮೇಲೆ, ನೀನಾಗಿದ್ದರೆ ಯಾವ ಪದ ಹಾಕುತ್ತಿದ್ದೆ ಎಂದು ತೂದಾ ಅವನನ್ನು ಕೇಳಿದಳು. ಎಲ್ಲಿಂದ ಎತ್ತಿದೆ, ಯಾತಕ್ಕೆ ಒಯ್ದೆ ಎಂದು ಇನ್ನೊಮ್ಮೆ ಕೇಳಲು ನ್ಯಾಯಾಧೀಶರ ಅಪ್ಪಣೆ ಬೇಡುತ್ತಿದ್ದೆ ಎಂದನಂತೆ ಅವನು.

“ಅಪ್ಪಣೆ ಕೇಳ್ಬಹುದಿತ್ತಾ?” ಎಂದು ಅವಳು ನನ್ನನ್ನು ಕೇಳಿದಳು. “ಇಷ್ಟು ವರ್ಷದಿಂದ ಅಲ್ಲೇ ಇದೀನಿ. ನಂಗೆ ಯಾರೂ ಹೇಳಿರ್ಲಿಲ್ಲ.”