ನಡೆದು ಕಾವು ಕೊಡುವವರು

ನಿನ್ನೆ ಬೆಳಿಗ್ಗೆ ಸಾರಕ್ಕಿ ಮಾರ್ಕೆಟ್ಟಿನಲ್ಲಿ ದಂಟಿನ ಸೊಪ್ಪಿನ ಕಟ್ಟೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಹೆಗಲ ಚೀಲದೊಳಗೆ ಫೋನು ಗುರ್ರೆಂದು ನಡುಗಿತು. ಕರೆಯಲ್ಲ, ಮೆಸೇಜೂ ಅಲ್ಲ. ಆ ನಡುಕ ನನಗೆ ಚೆನ್ನಾಗಿ ಗೊತ್ತು: ಒಳಗೊಂದು ಮೊಟ್ಟೆ ಮರಿಯಾಗಿತ್ತು. ಸೊಪ್ಪು ಅಲ್ಲೇ ಬಿಟ್ಟು ಫೋನು ತೆಗೆದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು, ಒಂದು ಕೈಯಲ್ಲಿ ಕೊತ್ತಂಬರಿ, ಇನ್ನೊಂದು ಕೈಗೆ ಜೋತುಬಿದ್ದ ಪುಟ್ಟ ಮಗಳು, ನನ್ನ ಪರದೆಯೊಳಗೆ ಇಣುಕಿದರು.

“ಮೇಡಂ, ನೀವೂ ಆಡ್ತೀರಾ ಇದನ್ನ? ನಮ್ಮವಳು ತಲೆ ತಿಂತಿದಾಳೆ. ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ.”

ಇಂಥ ಪ್ರಶ್ನೆಯನ್ನು ನನಗೆ ಕೇಳಬಾರದು. ಕೇಳಿದರೆ ನಾನು ಕೂತುಕೊಳ್ಳಲು ಜಾಗ ಹುಡುಕುತ್ತೇನೆ. ಅಲ್ಲಿ ಜಾಗವಿರಲಿಲ್ಲ, ನಿಂತೇ ಶುರು ಮಾಡಿದೆ. ನನ್ನ ಭಾಷಣ ಪವರ್ ಬ್ಯಾಂಕಿನ ಅಧ್ಯಾಯಕ್ಕೆ ಬರುವಷ್ಟರಲ್ಲಿ ಸೊಪ್ಪಿನವಳು ಬಾಯಿ ಹಾಕಿದಳು. “ಅಕ್ಕ, ತಗೊಳ್ತೀರೋ, ಇಲ್ಲಾ ನನ್ ಸೊಪ್ಪಿಗೂ ಆಟ ಹೇಳ್ಕೊಡ್ತೀರೋ?”

ಆ ತಾಯಿಗೆ ಹೇಳಬೇಕಾಗಿದ್ದ ಮುಖ್ಯ ಮಾತು ಹಾಗಾಗಿ ಹೊಟ್ಟೆಯಲ್ಲೇ ಉಳಿಯಿತು. ನಿಮಗೇನೂ ಅವಸರವಿಲ್ಲ ತಾನೆ? ನಿಮಗೇ ಹೇಳಿಬಿಡುತ್ತೇನೆ.

ಆಟದ ಹೆಸರು ಬೇಡ. ಆಡುವವರಿಗೆ ಗೊತ್ತು, ಆಡದವರಿಗೆ ಅಗತ್ಯವಿಲ್ಲ. ಫೋನಿನಲ್ಲಿ ನಿಮ್ಮದೇ ಬೀದಿಯ ನಕ್ಷೆ ತೆರೆದುಕೊಳ್ಳುತ್ತದೆ. ನೀವು ನಡೆದರೆ ಅದರೊಳಗಿನ ಪುಟ್ಟ ಗೊಂಬೆಯೂ ನಡೆಯುತ್ತದೆ. ದಾರಿಯಲ್ಲಿ ಬಣ್ಣಬಣ್ಣದ ಜೀವಿಗಳು ಧುತ್ತೆಂದು ಎದುರಾಗುತ್ತವೆ, ಅವನ್ನು ಹಿಡಿಯಬೇಕು. ಪಾರ್ಕಿನ ಗೇಟು, ದೇವಸ್ಥಾನ, ಹಳೇ ಮರ ಇಂಥ ಕಡೆ ತಂಗುದಾಣಗಳಿವೆ; ಹತ್ತಿರ ಹೋದರೆ ಉಡುಗೊರೆ ಸಿಗುತ್ತದೆ. ಕೆಲವೊಮ್ಮೆ ಮೊಟ್ಟೆ ಸಿಗುತ್ತದೆ. ಮೊಟ್ಟೆ ಮರಿಯಾಗಬೇಕಾದರೆ ನೀವು ನಡೆಯಬೇಕು. ಸೋಫಾದಲ್ಲಿ ಕೂತು ಫೋನು ಅಲ್ಲಾಡಿಸಿದರೆ ಆಗುವುದಿಲ್ಲ. ನಾನು ಪ್ರಯತ್ನಿಸಿದ್ದೇನೆ.

ನನಗೆ ಇದನ್ನು ಯಾರೂ ಕಲಿಸಲಿಲ್ಲ. ಜೆ.ಪಿ. ನಗರದ ಗಲ್ಲಿಗಲ್ಲಿ ಅಲೆದು, ಎರಡು ಸಲ ಚರಂಡಿ ಕಲ್ಲಿಗೆ ಎಡವಿ, ನಾನೇ ಕಲಿತೆ. ಆದ್ದರಿಂದಲೇ ಧೈರ್ಯವಾಗಿ ಹೇಳುತ್ತೇನೆ: ಮಕ್ಕಳು ಎಷ್ಟೇ ಇರಲಿ, ಫೋನು ಒಂದೇ ಇರಲಿ, ಸರದಿಯ ಮೇಲೆ ಕೈ ಬದಲಾಗಲಿ. ರಸ್ತೆ ದಾಟುವಾಗ ಅದು ದೊಡ್ಡವರ ಚೀಲದೊಳಗಿರಲಿ, ಎದುರಿಗೆ ಚಿನ್ನದ ಡ್ರ್ಯಾಗನ್ನೇ ನಿಂತಿದ್ದರೂ ಸರಿ. ಜೀವಿ ಯಾರದೋ ಕಾಂಪೌಂಡಿನೊಳಗಿದ್ದರೆ ಅದು ಅವರದೇ ಎಂದುಕೊಂಡು ಮುಂದೆ ಹೋಗಿ. ಹೊರಡುವ ಮುಂಚೆ ಎಲ್ಲರೂ ಒಂದು ಸಲ ಬಾತ್‌ರೂಮಿಗೆ ಹೋಗಿಬರಲಿ. ಈ ನಿಯಮದ ಬೆಲೆ ಮರೆತವರಿಗೆ ಮಾತ್ರ ಗೊತ್ತು. ಇನ್ನು ಗಾಡಿಯಲ್ಲಿ ಹೋದರೆ ಮೊಟ್ಟೆಗೆ ಲೆಕ್ಕವಿಲ್ಲ ಎನ್ನುತ್ತಾರೆ. ಅದು ಬೇರೆ ಊರಿನ ಮಾತು. ನಾನೊಮ್ಮೆ ಮಡಿವಾಳದಿಂದ ಬಸ್ಸಿನಲ್ಲಿ ಬರುವಾಗ ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ಬಸ್ಸು ಎಷ್ಟು ನಿಧಾನ ತೆವಳಿತೆಂದರೆ, ಆಟವು ಅದನ್ನು ನನ್ನ ನಡಿಗೆ ಎಂದೇ ತಿಳಿದು ಮೆಚ್ಚಿಕೊಂಡಿತು.

ಎಲ್ಲಿಂದಲೋ ಎಲ್ಲಿಗೋ ಹೋದೆ. ನಾನು ಹೇಳಬೇಕೆಂದಿದ್ದುದು ಇಂಚರಳ ಕಥೆ.

ಇಂಚರ ನನ್ನ ಅಕ್ಕನ ಮಗಳು. ಎರಡು ವರ್ಷದ ಹಿಂದೆ ಭಾವನಿಗೆ ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾಗಿ ನಮ್ಮ ಮಹಡಿ ಮೇಲೆ ಸಂಸಾರ ಹೂಡಿದಾಗ ಅವಳಿಗೆ ಎಂಟು ವರ್ಷ. ಹುಬ್ಬಳ್ಳಿಯಲ್ಲಿ ಇಡೀ ಓಣಿಯನ್ನು ಬಾಯಲ್ಲೇ ಆಳುತ್ತಿದ್ದ ಹುಡುಗಿ. ಇಲ್ಲಿ ಸ್ಕೂಲು ಸೇರಿದ ಮೊದಲ ವಾರ, ಟಿಫನ್ ಡಬ್ಬಿಯಲ್ಲಿ ಏನಿದೆ ಎಂದು ಯಾರೋ ಕೇಳಿದರು. ಬೇಯಿಸಿದ ಮೊಟ್ಟೆ ಇತ್ತು. ಅವರ ಕಡೆ ಅದಕ್ಕೆ ‘ತತ್ತಿ’ ಎನ್ನುತ್ತಾರೆ. “ತತ್ತಿ ತಂದೇನಿ” ಎಂದಳು. ಹಿಂದಿಯಲ್ಲಿ ಆ ಸದ್ದಿಗೆ ಏನರ್ಥವೆಂದು ನಾನು ಬಿಡಿಸಿ ಹೇಳುವುದಿಲ್ಲ. ಕಕ್ಕಸಿಗೆ ಸಂಬಂಧಪಟ್ಟದ್ದು ಎಂದರೆ ಸಾಕು. ಇಡೀ ಬೆಂಚು ನಕ್ಕು ಉರುಳಿತು. ಅವತ್ತಿನಿಂದ ಅವಳಿಗೆ ಅದೇ ಹೆಸರು. ಅವತ್ತಿನಿಂದ ಇಂಚರ ಬಾಯಿಗೆ ಬೀಗ ಹಾಕಿಕೊಂಡಳು. ಏನು ಕೇಳಿದರೂ ತಲೆಯಾಡಿಸುವುದು, ಬೆರಳು ತೋರಿಸುವುದು.

ನನಗೆ ಬೇರೆ ಔಷಧ ಗೊತ್ತಿರಲಿಲ್ಲ. ಫೋನು ತೆಗೆದುಕೊಂಡು “ಬಾ, ಬೇಟೆಗೆ ಹೋಗೋಣ” ಎಂದೆ.

ಹಾಗೆ ಅಲೆಯುವಾಗ ಸಿಕ್ಕವಳು ಧೃತಿ. ಹಿಂದಿನ ಬೀದಿಯ ಹುಡುಗಿ, ಇಂಚರಳದೇ ವಯಸ್ಸು, ಬೇರೆ ಸ್ಕೂಲು, ಆದ್ದರಿಂದ ಆ ಅಡ್ಡಹೆಸರು ಗೊತ್ತಿರಲಿಲ್ಲ. ನಮ್ಮ ಪರದೆ ನೋಡಿ, “ಅಯ್ಯೋ ಅದು ಓಡೋಗತ್ತೆ, ಬೇಗ ಎಸಿ, ಬೇಗ ಎಸಿ!” ಎಂದು ಕಿರುಚಿದಳು. ಇಂಚರ ಎಸೆದಳು, ಹಿಡಿದಳು, ಇಬ್ಬರೂ ಕುಣಿದರು. ಮಕ್ಕಳ ಸ್ನೇಹಕ್ಕೆ ಅದಕ್ಕಿಂತ ದೊಡ್ಡ ಪೀಠಿಕೆ ಬೇಕಿಲ್ಲ. ಶನಿವಾರದ ಸಂಜೆಗಳು ಮೂವರದಾದವು. ಇಂಚರ ಧೃತಿಯ ಹಾಗೆಯೇ ಮಾತಾಡಲು ಕಲಿತಳು. ‘ಬರಾಕತ್ತೇನಿ’ ಹೋಗಿ ‘ಬರ್ತಿದೀನಿ’ ಆಯಿತು, ‘ತತ್ತಿ’ ಹೋಗಿ ‘ಮೊಟ್ಟೆ’ ಆಯಿತು. ಇಡೀ ಊರಿನಲ್ಲಿ ಇಂಚರಳಿಗಿದ್ದ ಗೆಳತಿ ಅವಳೊಬ್ಬಳೇ.

ನಮ್ಮ ಬೀದಿಯ ಫುಟ್‌ಪಾತ್ ನೋಡಿದ್ದೀರಾ? ಅದು ಸ್ಕೂಟರುಗಳಿಗೆ ಸೇರಿದ್ದು. ಮಕ್ಕಳನ್ನು ನಿಶ್ಚಿಂತೆಯಾಗಿ ನಡೆಸುವ ಜಾಗಕ್ಕಾಗಿ ನಾನು ಬಹಳ ತಲೆ ಓಡಿಸಿದೆ. ಓಡಿಸಿ ಕಂಡುಹಿಡಿದದ್ದು, ಮೂರು ರಸ್ತೆ ಸೇರುವಲ್ಲಿರುವ ಅಶ್ವತ್ಥಕಟ್ಟೆ. ದೊಡ್ಡ ಅರಳಿಮರ, ಬುಡದಲ್ಲಿ ನಾಗರಕಲ್ಲುಗಳು, ಸುತ್ತಲೂ ಚಪ್ಪಡಿ ಹಾಸಿದ ದಾರಿ, ಆಚೆ ಕಬ್ಬಿಣದ ಬೇಲಿ. ಒಂದೂ ಗಾಡಿ ನುಗ್ಗುವಂತಿಲ್ಲ. ಆಟದಲ್ಲಿ ಅದೊಂದು ತಂಗುದಾಣ ಕೂಡ. ಯಾವನೋ ಪುಣ್ಯಾತ್ಮ ನಾಗರಕಲ್ಲುಗಳಿಗೆ ‘ಸ್ನೇಕ್ ಆರ್ಟ್’ ಎಂದು ಹೆಸರಿಟ್ಟಿದ್ದ. ಮರದ ಸುತ್ತ ಸುತ್ತಿದರೆ ಮೊಟ್ಟೆಯೂ ಮರಿಯಾಗುತ್ತದೆ, ಮಕ್ಕಳೂ ಕಣ್ಣೆದುರಿಗಿರುತ್ತಾರೆ. ಇಂಥ ಉಪಾಯ ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಶುರುವಿನಲ್ಲೇ ಮುಳುಗುವ ಬಿಸಿಲು ಪರದೆಗೆ ಬೀಳದಿರಲೆಂದು ಸುತ್ತುವ ದಿಕ್ಕನ್ನೂ ನಾನೇ ಗೊತ್ತು ಮಾಡಿದೆ.

ಆ ದಿಕ್ಕು ಮರವನ್ನು ಎಡಕ್ಕೆ ಹಾಕಿಕೊಳ್ಳುವ ದಿಕ್ಕು. ದೇವರಿಗೆ ಯಾರೂ ಹಾಗೆ ಸುತ್ತುವುದಿಲ್ಲ, ಹಾಗೆ ಸುತ್ತುವುದು ಸಾವಿನ ಕರ್ಮಗಳಲ್ಲಿ. ಮುಸ್ಸಂಜೆಯ ಮೇಲೆ ಅರಳಿಮರ ಸುತ್ತಬಾರದೆಂಬ ಮಾತೂ ಇದೆ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಆದರೆ ನಾನು ಮರ ಎಲ್ಲಿ ನೋಡುತ್ತಿದ್ದೆ? ಸಿಗ್ನಲ್ ನೋಡುತ್ತಿದ್ದೆ.

ಕಟ್ಟೆ ಕಟ್ಟಿಸಿದವರು ಹಿಂದಿನ ಬೀದಿಯ ಮುನಿಯಮ್ಮಜ್ಜಿಯ ಮಾವನವರು. ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗಿನ ಕುಟುಂಬ. ಗದ್ದೆ ಇದ್ದ ಕಡೆ ಈಗ ಬಾಡಿಗೆ ಮನೆಗಳಿವೆ. ನಾವು ಹೀಗೆ ಸುತ್ತುತ್ತಿದ್ದ ಒಂದು ಸಂಜೆ ಅಜ್ಜಿ ದೀಪ ಹಚ್ಚಲು ಎಣ್ಣೆ ಬಟ್ಟಲು ಹಿಡಿದು ಬಂದರು. ಅದಕ್ಕೂ ಹಿಂದಿನ ಅಮಾವಾಸ್ಯೆಗೆ ಅಲ್ಲೇ ಮೂರು ರಸ್ತೆ ಕೂಡುವಲ್ಲಿ ಯಾರೋ ನಿಂಬೆಹಣ್ಣು, ಕುಂಕುಮ, ಒಡೆದ ಮೊಟ್ಟೆ ಬಿಟ್ಟುಹೋಗಿದ್ದರಂತೆ. ಮಾಟ ಮಾಡಿದವರು ಯಾರೆಂದು ಅವರು ಅಂದಿನಿಂದ ಕಣ್ಣಿಟ್ಟಿದ್ದರು. ಈಗ ನೋಡಿದರೆ ಇಬ್ಬರು ಹುಡುಗಿಯರು ಮುಖ ಕಾಣದ ಹಾಗೆ ತಲೆ ಬಗ್ಗಿಸಿಕೊಂಡು, ಚಪ್ಪಲಿ ಹಾಕಿಕೊಂಡು, ಅಪ್ರದಕ್ಷಿಣವಾಗಿ ಮರ ಸುತ್ತುತ್ತಿದ್ದಾರೆ.

“ಯಾರ್ ಮನೆ ಮಕ್ಳಮ್ಮ? ಏನ್ ಮಾಡ್ತಿದೀರಾ?”

ಇಂಚರ ಹೊಸದಾಗಿ ಕಲಿತ ಬೆಂಗಳೂರು ಕನ್ನಡದಲ್ಲಿ, ಖುಷಿಯಿಂದ, ದೊಡ್ಡ ದನಿಯಲ್ಲಿ ಹೇಳಿದಳು. “ಮೊಟ್ಟೆ ಒಡೀತಾ ಇದೀವಿ ಅಜ್ಜಿ! ಇನ್ನೊಂದೇ ಸುತ್ತು, ಒಡ್ದೋಗತ್ತೆ!”

ಅಜ್ಜಿ ಎಣ್ಣೆ ಬಟ್ಟಲನ್ನು ಕಟ್ಟೆಯ ಮೇಲೆ ಕುಕ್ಕಿ ಮಕ್ಕಳ ಕಡೆ ಬಂದರು. ನಾನು ಓಡಿ ಹೋಗಿ ನಡುವೆ ನಿಂತೆ. “ಅಜ್ಜಿ, ಅದು ನಿಜವಾದ ಮೊಟ್ಟೆ ಅಲ್ಲ, ವರ್ಚುವಲ್ ಮೊಟ್ಟೆ.”

“ಯಾವ್ದಾದ್ರೇನೇ? ನಾಟಿನೋ ಫಾರಂದೋ, ಮೊಟ್ಟೆ ಮೊಟ್ಟೇನೇ! ನಾಗಪ್ಪನ್ ಮುಂದೆ, ದೀಪ ಹಚ್ಚೋ ಹೊತ್ನಲ್ಲಿ! ಓದಿರೋಳ್ ಥರ ಕಾಣ್ತೀಯಾ, ಮಕ್ಳ ಕೈಲಿ ಮಾಡಿಸ್ತೀಯಲ್ಲ, ನಾಚ್ಕೆ ಆಗಲ್ವಾ?”

ಧೃತಿಯ ಮನೆಯವರು ಮುನಿಯಮ್ಮಜ್ಜಿಯ ಬಾಡಿಗೆದಾರರು, ಅವರ ತಲೆಯ ಮೇಲಿನ ಮಹಡಿಯಲ್ಲೇ ಇರುವವರು. ಮರುದಿನ ಧೃತಿಯ ಅಮ್ಮ ರೇಖಾ ನಮ್ಮ ಗೇಟಿನ ಹತ್ತಿರವೇ ನಿಂತು ಮಾತು ಮುಗಿಸಿದರು. “ತಪ್ಪು ತಿಳ್ಕೋಬೇಡಮ್ಮ. ನಂಗೆ ಅದು ಆಟ ಅಂತ ಗೊತ್ತು. ಆದ್ರೆ ಓನರ್ ಜೊತೆ ನಾನು ಜಗಳ ಆಡಕ್ಕಾಗತ್ತಾ? ನಿಮ್ ಹುಡ್ಗಿ ಜೊತೆ ಸೇರಿಸ್ಬೇಡ ಅಂದ್ಬಿಟ್ಟಿದಾರೆ. ಧೃತಿ ಇನ್ಮೇಲೆ ಬರಲ್ಲ.”

ಇಂಚರ ಬಾಗಿಲ ಹಿಂದೆಯೇ ಇದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸಂಜೆ ಟೆರೇಸಿನಲ್ಲಿ, ಒಣಗಿದ ಬಟ್ಟೆಗಳ ನಡುವೆ ಕೂತಿದ್ದವಳ ಪಕ್ಕ ಹೋಗಿ ಕೂತೆ. ಬಿಟ್ಟೇಬಿಟ್ಟಿದ್ದ ಹಳೆಯ ನುಡಿಯಲ್ಲಿ ಹೇಳಿದಳು. “ಚಿಕ್ಕಿ, ನಾ ಬಾಯಿ ತೆಗೆದ್ರ ತಪ್ಪ ಆಗತೈತಿ. ತತ್ತಿ ಅಂದ್ರ ನಗತಾರ, ಮೊಟ್ಟೆ ಅಂದ್ರ ಬೈತಾರ. ಮತ್ತೇನ್ ಅನ್ಲಿ?”

ಮತ್ತೆ ತಲೆಯಾಡಿಸುವ, ಬೆರಳು ತೋರಿಸುವ ಹುಡುಗಿಯಾಗಿಬಿಡುತ್ತಾಳೆ ಎಂದು ಹೆದರಿಕೆಯಾಯಿತು. ಮರುದಿನ ಬೆಳಿಗ್ಗೆ ಅವಳ ಕೈ ಹಿಡಿದುಕೊಂಡು ಮುನಿಯಮ್ಮಜ್ಜಿಯ ಮನೆಗೇ ಹೋದೆ. ದಾರಿಯುದ್ದಕ್ಕೂ ಭಾಷಣ ಬಾಯಿಪಾಠ ಮಾಡಿಕೊಂಡೆ.

ಅಜ್ಜಿ ಜಗುಲಿಯಲ್ಲಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ನಾನು “ಅಜ್ಜಿ, ಅದೇನಂದ್ರೆ, ಸ್ಯಾಟಲೈಟಿಂದ” ಎಂದು ಶುರು ಮಾಡುವಷ್ಟರಲ್ಲೇ ಕೈ ಎತ್ತಿದರು.

“ನೀನ್ ಸುಮ್ನಿರು. ಮಗೂ ಹೇಳ್ಲಿ. ಏನವ್ವ, ಏನ್ ಒಡೀತಿದ್ದೆ ಅವತ್ತು?”

ಇಂಚರ ನನ್ನ ಮುಖ ನೋಡಿದಳು. ಆಮೇಲೆ, ನೀರಿಗೆ ಧುಮುಕುವವಳ ಹಾಗೆ, “ತತ್ತಿ ರೀ” ಎಂದಳು.

ಅಜ್ಜಿ ನಗಲಿಲ್ಲ. ಸುಲಿಯುತ್ತಿದ್ದ ಕೈ ಮಾತ್ರ ನಿಂತಿತು. “ತತ್ತಿನಾ? ನಮ್ಮವ್ವ ಹಂಗೇ ಅಂತಿದ್ಲು ಕಣೇ. ‘ಕೋಳಿ ತತ್ತಿ ಇಕ್ಕೈತೆ, ತಗೊಂಬಾ’ ಅಂತ. ಈಗ ಯಾರೂ ಅನ್ನಲ್ಲ. ಸರಿ, ಅದನ್ನ ಯಾಕೆ ಒಡೀತೀರಾ?”

“ನಾವು ಒಡಿಯಂಗಿಲ್ರೀ ಅಜ್ಜಿ!” ಇಂಚರಳ ದನಿ ಏರಿತು. “ಒಳಗಿನ ಮರಿ ತಾನ ಒಡಕೊಂಡು ಹೊರಗ ಬರತೈತಿ. ಅಲ್ಲೀತನಕ ನಾವು ಅಡ್ಡಾಡಬೇಕ್ರೀ. ನಿಂತ್ರ ಮರಿ ಬರಂಗಿಲ್ಲ.”

“ಹಂಗಂದ್ರೆ ಕಾವು ಕೊಡ್ತೀರಾ ಅನ್ನು.”

“ಹೌದ್ರೀ!”

ಅಜ್ಜಿ ಮೊರ ಪಕ್ಕಕ್ಕಿಟ್ಟರು. “ಇಲ್ಲೆಲ್ಲಾ ನಮ್ ಕೋಳಿ ಗೂಡೇ ಇದ್ದಿದ್ದು. ಕಾವಿಗೆ ಕೂರ್ಸೋದು ನಂಗೆ ಗೊತ್ತು. ಕಾವಿಗೆ ನಡ್ಸೋದು ಇವತ್ತೇ ಕೇಳಿದ್ದು! ಇನ್ನೊಂದ್ ವಿಷ್ಯ. ಕೋಳಿ ಕಾವಿಗೆ ಕೂತಾಗ ಘಳಿಗೆಗೊಂದ್ ಸಲ ಎತ್ತಿ ಎತ್ತಿ ನೋಡಿದ್ರೆ ಮರಿ ಆಗತ್ತಾ? ನೀವು ಮಾತ್ರ ಅದನ್ನೇ ನೋಡ್ಕೊಂಡ್ ಸುತ್ತುತಿದ್ರಲ್ಲ. ಚೀಲ್ದಲ್ಲಿ ಮುಚ್ಚಿಡ್ರಮ್ಮ.”

ಪರದೆ ಆರಿಸಿ ಚೀಲದಲ್ಲಿಟ್ಟರೂ ಹೆಜ್ಜೆ ಲೆಕ್ಕಕ್ಕೆ ಸೇರುವ ಹಾಗೆ ಮಾಡುವ ಸೆಟ್ಟಿಂಗ್ ಒಂದು ಆಟದಲ್ಲೇ ಇದೆ. ನನಗೆ ಗೊತ್ತಿತ್ತು ಕೂಡ. ಕಣ್ಣಿಟ್ಟು ಕಾಯುವುದರಲ್ಲೇ ಮಜಾ ಎಂದು ಅದನ್ನು ಮುಟ್ಟಿರಲಿಲ್ಲ.

ಅಜ್ಜಿಯ ಕಾನೂನು ಹೀಗೆ ಜಾರಿಯಾಯಿತು: ಬೆಳಿಗ್ಗೆ ಬನ್ನಿ, ಸಂಜೆ ಬೇಡ. ಚಪ್ಪಲಿ ಬೇಲಿಯಾಚೆ. ನಾಗಪ್ಪ ಬಲಗಡೆಗೆ. ಆಮೇಲೆ ತಲೆಯೆತ್ತಿ ಮಹಡಿಯತ್ತ ಕೂಗಿದರು. “ಏ ರೇಖಾ! ಮಗೂನ ಕಳ್ಸೇ ಕೆಳಕ್ಕೆ. ಸುಮ್ನೆ ಯಾಕ್ ಮನೇಲಿ ಕೂಡಾಕಿದೀಯ?”

ಕೂಡಿಹಾಕಿಸಿದ್ದು ಯಾರು ಎಂದು ಕೇಳುವ ಧೈರ್ಯ ರೇಖಾ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಧೃತಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಇಳಿದು ಬಂದಳು.

ಶನಿವಾರದ ಬೆಳಗುಗಳು ಹಾಗೆ ಹುಟ್ಟಿಕೊಂಡವು. ಫೋನು ನನ್ನ ಚೀಲದಲ್ಲಿ, ಮಕ್ಕಳ ಕೈ ಖಾಲಿ. ಕೈ ಖಾಲಿಯಾದರೆ ಬಾಯಿಗೆ ಕೆಲಸ ಎಂದು ನನಗೆ ಆಗಲೇ ತಿಳಿದದ್ದು. ಸುತ್ತು ಸುತ್ತುತ್ತಾ ಇಂಚರ ಹುಬ್ಬಳ್ಳಿಯ ಓಣಿ, ಅಲ್ಲಿನ ಜಗಳ, ಅಲ್ಲಿನ ನಾಯಿಗಳು, ಎಲ್ಲವನ್ನೂ ಅಲ್ಲಿನ ಮಾತಿನಲ್ಲೇ ಹೇಳತೊಡಗಿದಳು. ಧೃತಿ ಒಂದೊಂದು ಮಾತಿಗೂ ಅರ್ಥ ಕೇಳುತ್ತಿದ್ದಳು. ಇದೇ ನೋಡಿ, ಮಾರ್ಕೆಟ್ಟಿನ ಆ ತಾಯಿಗೆ ಹೇಳದೆ ಉಳಿದ ಮಾತು: ಮಕ್ಕಳನ್ನು ಆಟಕ್ಕೆ ಕರೆದುಕೊಂಡು ಹೋಗಿ, ಆದರೆ ಕಾವಿಗಿಟ್ಟದ್ದನ್ನು ಎತ್ತಿ ಎತ್ತಿ ನೋಡಬೇಡಿ.

ಈಗ ಇಬ್ಬರೂ ನನಗಿಂತ ಮುಂದೆ ನಡೆಯುತ್ತಾರೆ. ಇವತ್ತು ಬೆಳಿಗ್ಗೆ ಅವರ ಹಿಂದೆ ಏದುಸಿರು ಬಿಡುತ್ತಾ ಹೊರಟಿದ್ದೆ, ರೇಖಾ ತಮ್ಮ ಮಹಡಿಯಿಂದ ಕೂಗಿ ನಿಲ್ಲಿಸಿದರು. ಮತ್ತೇನು ದೂರು ಬಂತೋ ಎಂದುಕೊಂಡು ತಲೆಯೆತ್ತಿದೆ.

“ನಿಮ್ ಹುಡ್ಗಿ ಸಹವಾಸದಿಂದ ನಮ್ಮನೇಲಿ ಏನಾಗಿದೆ ಗೊತ್ತಾ? ನೆನ್ನೆ ಇವ್ಳನ್ನ ಹಾಲ್ ಕುಡೀ ಅಂದ್ರೆ, ‘ಒಲ್ಲೆ ರೀ, ಆಮ್ಯಾಲೆ ಕುಡಿತೇನ್ರೀ’ ಅಂತಾಳೆ. ಕಟ್ಕೊಂಡ್ ಗಂಡನ್ನೇ ನಾನು ಒಂದಿನ ರೀ ಅಂದಿಲ್ಲ, ನಮ್ಮಿಬ್ರನ್ನೂ ರೀ ಅಂತ ಕರೀತಾಳೆ! ಏನ್ ಮಾಡ್ಲಿ ಹೇಳು?”

ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತಿರುವಿನಿಂದ ಧೃತಿ ಗಂಟಲು ಹರಿಯುವಂತೆ ಕೂಗಿದಳು. “ಚಿಕ್ಕೀ, ಲಗೂನ ಬರ್ರೀ!”