ರೇಷ್ಮೆ ಮನೆಗೆ ಹೋಗಿ ಬಂದ ಪ್ರೊಜೆಕ್ಟರ್

ಇವತ್ತು ಶಾಲೆಯ ಹೊಸ ಪ್ರೊಜೆಕ್ಟರ್ ಹೊತ್ತು, ಮಕ್ಕಳನ್ನೆಲ್ಲ ಕರೆದುಕೊಂಡು ಶಾಲಾ ಸಮಿತಿ ಅಧ್ಯಕ್ಷರ ರೇಷ್ಮೆ ಮನೆಗೆ ಹೋದೆ, ಸ್ನೇಹಿತರೇ. ಚಿಂತಾಮಣಿಯ ಅಂಗಡಿಯಲ್ಲಿ ನಾನು ಹಗಲಲ್ಲೂ ಕಾಣುವ ಹೆಚ್ಚು ಬೆಳಕಿನದೇ ಬೇಕೆಂದು ಹಟ ಹಿಡಿದಿದ್ದೆ. "ಚಿಕ್ಕದೇ ಸಾಕು ಮೇಡಂ, ನಮ್ಮ ಹುಳದ ಮನೆ ಕತ್ಲಾಗೈತೆ, ಅಲ್ಲೇ ತೋರ್ಸಣ" ಎಂದು ಚಿಕ್ಕದನ್ನೇ ಕೊಡಿಸಿದವರು ಈ ಅಧ್ಯಕ್ಷರೇ.

ಈಗ ಬಾಗಿಲಿಗೆ ಕೈ ಅಡ್ಡ ಹಿಡಿದರು. "ಆ ಕೇರಿ ಮಕ್ಳು ಆಚೆನೇ ಇರ್ಲಿ. ಹುಳ ಸಾಕೋ ಜಾಗ, ಮೈಲಿಗೆ ಆಗ್ಬಾರ್ದು."

ರೇಷ್ಮೆ ಗೂಡಿನ ಬೆಳೆ ಮುಗಿದು ವಾರವಾಗಿದೆ. ಒಳಗೆ ಒಂದು ಹುಳುವೂ ಇರಲಿಲ್ಲ. ಯಾರ ಹೆಸರನ್ನೂ ಹೇಳುವ ಮೊದಲೇ ಆರು ಮಕ್ಕಳು ತಾವಾಗಿ ಹಿಂದೆ ಸರಿದಿದ್ದರು.

ಎಲ್ಲರನ್ನೂ ವಾಪಸ್ ಕರೆತಂದು, ಬಿಸಿಲು ತುಂಬಿದ ತರಗತಿಯ ಗೋಡೆಯ ಮೇಲೇ ಪಾಠ ತೋರಿಸಿದೆ.

"ಏನೂ ಕಾಣಿಸ್ತಿಲ್ಲ ಮಿಸ್!"

ಯಾರಿಗೂ ಕಾಣಿಸಲಿಲ್ಲ. ಸದ್ಯಕ್ಕೆ ನಮ್ಮೂರಿನಲ್ಲಿ ಸಮಾನತೆ ಇಷ್ಟೇ.